ಬೇರಿಂಗ್ ಬಾಗಿದೆಯಂತೆ

ನನ್ನ ಓರಗಿತ್ತಿ ಸಿಂಗಪುರಕ್ಕೆ ಹೋಗಿ ಬಂದು ಆರು ವರ್ಷವಾಯಿತು. ಇವತ್ತಿಗೂ ನಮ್ಮ ಮನೆಯಲ್ಲಿ ಯಾರಾದರೂ ಕಸ ಗುಡಿಸಿದರೆ ಸಾಕು, ಸಿಂಗಪುರದ ರಸ್ತೆಗಳ ವರ್ಣನೆ ಶುರುವಾಗುತ್ತದೆ. ನನ್ನ ಪಾಲಿಗೆ ಬಂದ ಪರದೇಶ ಎಂದರೆ ವಿಶಾಖಪಟ್ಟಣ ಮತ್ತು ವಿಜಯವಾಡ. ಅದು ಪರದೇಶ ಹೇಗಾಗುತ್ತದೆ, ಪಾಸ್‌ಪೋರ್ಟಿಗೆ ಮುದ್ರೆ ಬಿತ್ತೇ ಎಂದು ಅವಳು ಕೇಳಿದಳು. ಮುದ್ರೆ ಬೀಳಲಿಲ್ಲ, ನಿಜ. ಆದರೆ ಭಾಷೆ ಒಂದಕ್ಷರವೂ ತಿಳಿಯದ ಊರಿನಲ್ಲಿ ಮನುಷ್ಯ ಹುಷಾರಾಗಿರುತ್ತಾನೆ. ಅರ್ಧ ತಿಳಿಯಿತು ಅನ್ನಿಸುವ ಊರಿನಲ್ಲಿ ಕೆಡುತ್ತಾನೆ. ನಾನು ಕೆಟ್ಟೆ. ಸಿಂಗಪುರದಲ್ಲಿ ಅವಳು ಇಷ್ಟು ಕೆಟ್ಟಿರಲಾರಳು.

ಹೊರಡುವ ಮೊದಲು

ನಾನು ತುಮಕೂರಿನ ಹೊರಗಿರುವ ಒಂದು ರಬ್ಬರ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ನಾವು ಮಾಡುವುದು ಬೇರಿಂಗು. ಬೇರಿಂಗ್ ಎಂದ ಕೂಡಲೇ ಜನ ಸೈಕಲ್ ಗಾಲಿಯ ಗುಂಡುಗಳನ್ನು ನೆನೆಯುತ್ತಾರೆ, ಅದಲ್ಲ. ನಮ್ಮದು ಕಟ್ಟಡದ ಚಪ್ಪಲಿ. ಒಂದು ಪದರ ರಬ್ಬರು, ಒಂದು ಉಕ್ಕಿನ ತಗಡು, ಮತ್ತೆ ರಬ್ಬರು, ಮತ್ತೆ ತಗಡು ಎಂದು ಪೇರಿಸಿ, ಪ್ರೆಸ್ಸಿನಲ್ಲಿ ಒತ್ತಿ ಗಂಟೆಗಟ್ಟಲೆ ಬೇಯಿಸಿದರೆ ರುಬ್ಬುವ ಕಲ್ಲಿನಷ್ಟು ದಪ್ಪದ ಕಪ್ಪು ದಿಂಡು ಸಿಗುತ್ತದೆ. ಅದನ್ನು ಕಂಬದ ಬುಡಕ್ಕೆ ಇಡುತ್ತಾರೆ. ತಗಡು ಇರುವುದರಿಂದ ಮೇಲಿನ ಭಾರಕ್ಕೆ ಅದು ಚಪ್ಪಟೆಯಾಗುವುದಿಲ್ಲ, ರಬ್ಬರು ಇರುವುದರಿಂದ ಅಡ್ಡಕ್ಕೆ ತಳ್ಳಿದರೆ ಬಾಗುತ್ತದೆ. ಭೂಮಿ ನಡುಗಿದಾಗ ಕೆಳಗೆ ನೆಲ ಓಡಾಡಿದರೂ ಮೇಲಿನ ಕಟ್ಟಡ ತನ್ನ ಪಾಡಿಗೆ ನಿಧಾನವಾಗಿ ತೂಗಿಕೊಂಡಿರಬೇಕು. ಒಂದೇ ನಿಯಮ: ತಳ್ಳಿದಾಗ ಬಾಗಬೇಕು, ಬಿಟ್ಟಾಗ ನೆಟ್ಟಗಾಗಬೇಕು. ಬಾಗಿಯೇ ಉಳಿದರೆ ಆ ಬೇರಿಂಗ್ ಸತ್ತಂತೆ.

ನನ್ನ ಸಹಿ ಇಲ್ಲದೆ ಒಂದು ದಿಂಡೂ ಕಾರ್ಖಾನೆಯ ಗೇಟು ದಾಟುವುದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಭ ಇದೆ. ರಬ್ಬರಿನ ಗಡಸುತನ ಅಳೆಯಲು ಮೀಟರು ಇದ್ದರೂ ನಾನು ಮೊದಲು ಹೆಬ್ಬೆರಳಿನ ಉಗುರು ಒತ್ತಿ ಅಂಕೆ ಹೇಳುತ್ತೇನೆ, ಆಮೇಲೆ ಮೀಟರು ನನ್ನನ್ನು ಒಪ್ಪುತ್ತದೆ. ನಮ್ಮ ಮಾಲು ಅರವತ್ತು. ಈ ಚಾಳಿ ಮನೆಗೂ ಬಂದಿದೆ. ಸೊಸೆ ನೋಡಲು ಹೋದ ಕಡೆ ಚಕ್ಕುಲಿ ಒತ್ತಿ ನೋಡಿ ತೊಂಬತ್ತು ಎಂದು ಹೇಳಿ ಮರ್ಯಾದೆ ಕಳೆದದ್ದೂ ಉಂಟು.

ವಿಜಯವಾಡದ ಒಂದು ಖಾಸಗಿ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನಾವು ಬೇರಿಂಗ್ ಕೊಟ್ಟಿದ್ದೆವು. ಅದೇ ಜಾತಿಯ ಎರಡನ್ನು ಪರೀಕ್ಷೆಗೆಂದು ವಿಶಾಖಪಟ್ಟಣದ ಒಂದು ಲ್ಯಾಬಿಗೆ ಕಳಿಸಿದ್ದೆವು. ಒಂದು ಸೋಮವಾರ ಅಲ್ಲಿಂದ ಫೋನ್ ಬಂತು. ಎತ್ತಿಕೊಂಡವನು ನಮ್ಮ ಸ್ಟೋರಿನ ಶಿವಣ್ಣ. ಆ ಕಡೆಯವರು ತೆಲುಗಿನಲ್ಲಿ ಏನೋ ಹೇಳಿದರು. ಶಿವಣ್ಣ ಕೇಳಿಸಿಕೊಂಡದ್ದನ್ನು ರಿಜಿಸ್ಟರಿನಲ್ಲಿ ದುಂಡಗೆ ಬರೆದ: "ವೈಜಾಗ್ ಲ್ಯಾಬ್. ಬೇರಿಂಗ್ ಬಾಗಿದೆ. ಬಹಳ ಬಾಗಿದೆ."

ಮಾಲೀಕರು ಅದನ್ನು ಓದಿ ಕುರ್ಚಿಯಿಂದ ಎದ್ದು ನಿಂತರು. ಲ್ಯಾಬಿನ ಇಂಜಿನಿಯರಿಗೆ ಫೋನು ಮಾಡಿದರೆ ಅವರು ಶ್ರೀಕಾಕುಳದ ಕಡೆ ಮದುವೆಗೆ ಹೋಗಿದ್ದರು, ಫೋನು ಸ್ವಿಚ್ ಆಫ್. ವಾರದ ಕೊನೆಗೆ, ಶುಕ್ರವಾರ, ಆಸ್ಪತ್ರೆಯ ಉದ್ಘಾಟನೆ. ಅದಕ್ಕೂ ಮೊದಲು ಬೇರಿಂಗುಗಳೆಲ್ಲ ಸರಿಯಿವೆ, ಕಟ್ಟಡ ಸರಿದಾಡಲು ಅಡ್ಡಿಯಿಲ್ಲ ಎಂದು ನಾನು ಸಹಿ ಹಾಕಿದ ಪತ್ರ ಅವರಿಗೆ ಸಿಗಬೇಕು. ಇಲ್ಲಿ ನೋಡಿದರೆ ಮಾದರಿಯೇ ಬಾಗಿ ಕೂತಿದೆ. ಮಾಲೀಕರು ನನ್ನನ್ನು ಮರುದಿನದ ವಿಮಾನಕ್ಕೆ ಹತ್ತಿಸಿದರು. ಶಿವಣ್ಣನ ತಂಗಿ ಮಂಜುಳಾ ವಿಶಾಖಪಟ್ಟಣದ ಪೆಂಡುರ್ತಿಯಲ್ಲೇ ಇರುವುದರಿಂದ ಉಳಿಯಲು ಜಾಗದ ಯೋಚನೆ ಇರಲಿಲ್ಲ. ನಾನು ಮಾತ್ರ ದಾರಿಯುದ್ದಕ್ಕೂ ಯಾವ ಬ್ಯಾಚಿನಲ್ಲಿ ರಬ್ಬರನ್ನು ಗಟ್ಟಿ ಮಾಡುವ ಗಂಧಕ ಕಡಿಮೆಯಾಯಿತು ಎಂದು ನೆನೆಯುತ್ತ ಊಟ ಬಿಟ್ಟೆ.

ವಿಶಾಖಪಟ್ಟಣ, ಲ್ಯಾಬಿನ ಗೇಟು

ತೆಲುಗಿನ ಅಕ್ಷರ ನಮ್ಮ ಅಕ್ಷರದ ದಾಯಾದಿ. ಬೋರ್ಡುಗಳನ್ನೆಲ್ಲ ನಾನು ಗಟ್ಟಿಯಾಗಿ ಓದಿಕೊಂಡು ಹೋದೆ, ಇಷ್ಟು ಸುಲಭವೇ ಎಂದು ಬೀಗಿದೆ. ಆ ಬೀಗುವಿಕೆ ಲ್ಯಾಬಿನ ಗೇಟಿನವರೆಗೆ ಇತ್ತು. ಕಾವಲುಗಾರ ಎದ್ದು ನಿಂತು, ಬಹಳ ವಿನಯದಿಂದ, "ಚೆಪ್ಪಂಡಿ ಮೇಡಂ" ಎಂದ.

ಲ್ಯಾಬು ಅಂದಮೇಲೆ ಶುಚಿ ಇರಬೇಕಾದದ್ದೇ. ನಾನು ಚಪ್ಪಲಿ ಬಿಟ್ಟೆ. ಅವನು ನನ್ನ ಕಾಲು ನೋಡಿ ಮತ್ತೆ "ಚೆಪ್ಪಂಡಿ" ಎಂದ. ಚಪ್ಪಲಿಯನ್ನು ಇನ್ನೂ ದೂರ ಇಡಬೇಕೇನೋ ಎಂದು ಗೋಡೆಯ ಪಕ್ಕಕ್ಕೆ ಸರಿಸಿದೆ. ಅವನು ಮೂರನೆಯ ಸಲ ಹೇಳಿದಾಗ ನನಗೆ ಸಿಟ್ಟು ಬಂತು. ಬರಿಗಾಲಿನಲ್ಲಿ, ಕಾದ ಕಾಂಕ್ರೀಟಿನ ಮೇಲೆ ಕುಪ್ಪಳಿಸುತ್ತ ಒಳಗೆ ನಡೆದೇ ಬಿಟ್ಟೆ. ಏನು ವಿಷಯ ಹೇಳಿ ಎಂದು ಆ ಬಡಪಾಯಿ ಕೇಳುತ್ತಿದ್ದ ಎಂಬುದು ಆಮೇಲೆ ತಿಳಿಯಿತು.

ಒಳಗೆ ಯಂತ್ರ ನಡೆಸುವ ಅಪ್ಪಲರಾಜು ಒಬ್ಬರೇ ಇದ್ದರು. ಐವತ್ತೈದು ದಾಟಿದ ಮನುಷ್ಯ, ಅಂಗೈಯಗಲದ ಮೀಸೆ. ನಾನು ತುಮಕೂರು, ಬೇರಿಂಗ್, ಗಿರಿಜಾ ಎಂಬ ಮೂರು ಶಬ್ದ ಹೇಳಿದೆ. ಅವರ ಮುಖ ಅರಳಿತು.

"ಬೇರಿಂಗ್ ಬಾಗುಂದಿ ಮೇಡಂ. ಚಾಲಾ ಬಾಗುಂದಿ" ಎಂದು ನಕ್ಕರು.

ನನ್ನ ಇಪ್ಪತ್ತೆರಡು ವರ್ಷದ ಸರ್ವಿಸು ಮಣ್ಣುಪಾಲಾಗಿದೆ, ಈ ಮನುಷ್ಯ ಹಲ್ಲು ಕಿರಿಯುತ್ತಿದ್ದಾನೆ ಅನ್ನಿಸಿತು. ಬಾಗಿದ್ದನ್ನು ತೋರಿಸಿ ಎಂದು ಕೈ ಬಾಗಿಸಿ ತೋರಿಸಿದೆ. ಅವರು ಉತ್ಸಾಹದಿಂದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ನಮ್ಮ ಎರಡು ದಿಂಡುಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ನಾನು ಚೀಲದಿಂದ ಮೂಲೆಮಟ್ಟ ತೆಗೆದೆ, ದಾರ ಕಟ್ಟಿದೆ, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಎರಡೂ ನೆಟ್ಟಗೆ, ಕಾರ್ಖಾನೆಯಿಂದ ಹೊರಟಾಗ ಇದ್ದಷ್ಟೇ ನೆಟ್ಟಗೆ ಇದ್ದವು. ಹಾಗಾದರೆ ಬಾಗಿದ್ದು ಯಾವುದು? ಅದನ್ನು ಬಚ್ಚಿಟ್ಟಿದ್ದಾರೆಯೇ? ಎರಡರಲ್ಲಿ ಯಾವುದು ಎಂದು ಬೆರಳಿನಲ್ಲಿ ಕೇಳಿದೆ.

"ರೆಂಡೂ ಬಾಗುನ್ನಾಯಿ" ಎಂದರು ಅಪ್ಪಲರಾಜು.

ರೆಂಡು ಎಂದರೆ ಎರಡು, ಅಷ್ಟು ತೆಲುಗು ನನಗೆ ಗೊತ್ತು. ಎರಡೂ ಬಾಗಿವೆಯಂತೆ. ಕಣ್ಣೆದುರಿಗೆ ನೆಟ್ಟಗೆ ನಿಂತದ್ದನ್ನು ಬಾಗಿದೆ ಅನ್ನುವ ಮನುಷ್ಯನ ಜೊತೆ ಏನು ಮಾತು? ನಿಮ್ಮ ಇಂಜಿನಿಯರ್ ಬರಲಿ, ನಾನು ಬರವಣಿಗೆಯಲ್ಲೇ ದೂರು ಕೊಡುತ್ತೇನೆ ಎಂದು ಕನ್ನಡ, ಇಂಗ್ಲಿಷು, ಚೂರು ಹಿಂದಿ ಸೇರಿಸಿ ಕೂಗಾಡಿದೆ. ಅವರು ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. ಸಿಟ್ಟಿನಲ್ಲೇ ಕುಡಿದೆ, ಚೆನ್ನಾಗಿತ್ತು. ಹೊರಗೆ ಬಂದರೆ ಕಾವಲುಗಾರ ನನ್ನ ಚಪ್ಪಲಿಯನ್ನು ನೆರಳಿಗೆ ಎತ್ತಿಟ್ಟು ಕಾಯುತ್ತಿದ್ದ.

ಪೆಂಡುರ್ತಿ

ಮಂಜುಳಾಳ ಗಂಡ ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಊರಿಗೆ ಮರಳುವ ಬದಲು ಪೆಂಡುರ್ತಿಯಲ್ಲೇ ಸಣ್ಣ ಮನೆ ಕಟ್ಟಿಕೊಂಡಿದ್ದಾರೆ. ಮಗಳು ಅನುಷಾ ಪರವಾಡದ ಔಷಧ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದವಳು ನನಗೆ ಕೈಮುಗಿದು "ಕೂರ್ಚೋಂಡಿ ಆಂಟಿ" ಎಂದಳು, ಕೂತುಕೊಳ್ಳಿ ಎಂದು. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅವಳ ಕನ್ನಡ ಅಡುಗೆಮನೆಯಿಂದ ನಡುಮನೆಯವರೆಗೆ ಬರುತ್ತದೆ, ಬಾಗಿಲು ದಾಟುವುದಿಲ್ಲ.

ಮಂಜುಳಾಳ ಮಾತು ಮಾತ್ರ ಇನ್ನೂ ತುಮಕೂರಿನದೇ. ಮುದ್ದೆ ತಟ್ಟುತ್ತ, "ಯಾಕಕ್ಕ ಮಕ ಹಿಂಗೆ ಸಪ್ಪಗೈತೆ, ಉಣ್ಣಿ ಮೊದ್ಲು, ಪರ್ವಾಲೇದು" ಎಂದಳು. ಪರವಾಗಿಲ್ಲ ಎಂಬ ಆ ಕೊನೆಯ ಮಾತು ತೆಲುಗಿನದು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿಕೊಂಡೆ. ಬಾಗಿದ ಬೇರಿಂಗು, ಬಾಗಿಲ್ಲದ ಬೇರಿಂಗು, ಎದುರಿಗೇ ಸುಳ್ಳು ಹೇಳುವ ಮೀಸೆಯ ಮನುಷ್ಯ. ಅವನು ಏನೆಂದ ಎಂದು ಅನುಷಾ ಕೇಳಿದಳು. ಅವನ ದನಿಯಲ್ಲೇ ಹೇಳಿ ತೋರಿಸಿದೆ.

ಅನುಷಾ ಮೊದಲು ತಟ್ಟೆ ಕೆಳಗಿಟ್ಟಳು. ಆಮೇಲೆ ಗೋಡೆ ಹಿಡಿದುಕೊಂಡಳು. ಅವಳು ಏಕೆ ನಗುತ್ತಿದ್ದಾಳೆಂದು ಗೊತ್ತಿಲ್ಲದೆ ಮಂಜುಳಾಳೂ ನಕ್ಕಳು.

"ಆಂಟಿ, ಬಾಗುಂದಿ ಅಂಟೇ ಚೆನ್ನಾಗಿದೆ ಅಂತ. ಚಾಲಾ ಬಾಗುಂದಿ ಅಂಟೇ ತುಂಬಾ ಚೆನ್ನಾಗಿದೆ. ಆಯ್ನ ನಿಮ್ಮನ್ನ ಹೊಗಳಿದಾರೆ."

ನನ್ನ ಕೈಯ ಮುದ್ದೆ ಕೈಯಲ್ಲೇ ಉಳಿಯಿತು. ಹೊಗಳಿದವರ ಮೇಲೆ ದೂರು ಕೊಡುತ್ತೇನೆಂದು ಬಂದವಳು ನಾನು. ಮೊದಲು ಶಿವಣ್ಣನಿಗೆ ಫೋನು ಮಾಡಿದೆ. ನಿನ್ನ ತಂಗಿ ಇಪ್ಪತ್ತೈದು ವರ್ಷದಿಂದ ಇಲ್ಲಿದ್ದಾಳೆ, ಒಂದು ಶಬ್ದ ಕಲಿಯಬಾರದಿತ್ತೇ ಎಂದು ಬೈದೆ. ಅವನು ಪಾಪ, ರಿಜಿಸ್ಟರಿನಲ್ಲಿ ತಿದ್ದಿಬಿಡಲೇ ಅಕ್ಕ ಎಂದ. ನಾನು ಬಂದಮೇಲೆ ನೋಡೋಣ ಎಂದೆ. ಮಾಲೀಕರು ಮಾತ್ರ ನಗಲೂ ಇಲ್ಲ ಬೈಯಲೂ ಇಲ್ಲ. ಹೇಗೂ ಹೋಗಿದ್ದೀಯ, ಹಾಗೇ ವಿಜಯವಾಡಕ್ಕೆ ಹೋಗಿ ಆಸ್ಪತ್ರೆ ನೋಡಿ ಸಹಿ ಹಾಕಿ ಬಾ ಎಂದರು.

ಮತ್ತೆ ಲ್ಯಾಬು

ಬೆಳಿಗ್ಗೆ ಅನುಷಾ ಬರೆದುಕೊಟ್ಟ ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದೆ. ಅಪ್ಪಲರಾಜು ನನ್ನ ತೆಲುಗು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕ್ಷಮಿಸಿದ್ದು ನನ್ನ ಉಚ್ಚಾರಣೆಗೋ ಕ್ಷಮಾಪಣೆಗೋ ತಿಳಿಯದು. ಆಮೇಲೆ ಎರಡನೆಯ ದಿಂಡಿಗೆ ಇನ್ನೊಂದು ಪರೀಕ್ಷೆ ಬಾಕಿ ಇದೆ, ನಿಂತು ನೋಡಿ ಎಂದು ಸನ್ನೆ ಮಾಡಿದರು.

ನಾಚಿಕೆಯಿಲ್ಲದೆ ಹೇಳುತ್ತೇನೆ, ಇಷ್ಟು ವರ್ಷದಲ್ಲಿ ನಮ್ಮ ಬೇರಿಂಗ್ ತನ್ನ ನಿಜವಾದ ಕೆಲಸ ಮಾಡುವುದನ್ನು ನಾನು ನೋಡಿರಲಿಲ್ಲ. ನಮ್ಮ ಕಾರ್ಖಾನೆಯ ಪ್ರೆಸ್ಸು ಮೇಲಿನಿಂದ ಒತ್ತುತ್ತದೆ, ಅಡ್ಡಕ್ಕೆ ಸ್ವಲ್ಪ ತಳ್ಳುತ್ತದೆ, ಅಷ್ಟೇ. ಇಲ್ಲಿಯ ಯಂತ್ರ ಮೇಲಿನಿಂದ ಒಂದು ಕಂಬದ ಭಾರ ಹೇರಿತು. ದಿಂಡು ಜಗ್ಗಲಿಲ್ಲ. ಆಮೇಲೆ ಕೆಳಗಿನ ಹಲಗೆ ಪಕ್ಕಕ್ಕೆ ಸರಿಯತೊಡಗಿತು. ಇನ್ನು ಸಾಕು ಅನ್ನಿಸಿದ ಮೇಲೂ ಸರಿಯಿತು. ದಿಂಡಿನ ಮೈ ಓರೆಯಾಯಿತು, ಒಳಗಿನ ತಗಡುಗಳ ಗೆರೆ ಒಂದೊಂದಾಗಿ ಹೊರಗೆ ಮೂಡಿತು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಹಲಗೆ ಹಿಂದಕ್ಕೆ ಬಂತು, ಇನ್ನೊಂದು ಪಕ್ಕಕ್ಕೆ ಹೋಯಿತು, ಮತ್ತೆ ಬಂತು. ಪರದೆಯ ಮೇಲೆ ಗೆರೆ ಸುತ್ತು ಸುತ್ತು ಹಾಕಿತು. ಮೊದಲನೆಯ ಸುತ್ತಿನಲ್ಲಿ ರಬ್ಬರು ಬಿಗಿಯಾಗಿತ್ತು, ಆಮೇಲಿನ ಸುತ್ತುಗಳಲ್ಲಿ ಸಡಿಲವಾಯಿತು. ಹೊಸ ರಬ್ಬರಿನ ಸ್ವಭಾವವೇ ಅದು, ಮೊದಲ ಸಲ ಎಳೆದಾಗ ಮುನಿಸಿಕೊಳ್ಳುತ್ತದೆ. ನಿನ್ನೆ ನಾನೂ ಹಾಗೇ ಇದ್ದೆ.

ಯಂತ್ರ ನಿಂತಿತು. ದಿಂಡು ನೆಟ್ಟಗೆ, ಏನೂ ಆಗೇ ಇಲ್ಲ ಎಂಬಂತೆ ಕೂತಿತ್ತು. ಅಪ್ಪಲರಾಜು ನನ್ನ ಕೈ ಹಿಡಿದು ಅದರ ಮೈ ಮೇಲೆ ಇಟ್ಟರು. ಬೆಚ್ಚಗಿತ್ತು. ಹಸುವಿನ ಮಗ್ಗುಲಿನಷ್ಟು ಬೆಚ್ಚಗೆ. ಅಷ್ಟು ಅಲುಗಾಟವನ್ನು ತಾನು ನುಂಗಿಕೊಂಡು ಅದನ್ನು ಬಿಸಿ ಮಾಡಿ ಹೊರಗೆ ಬಿಡುತ್ತದೆ, ಮೇಲಿನವರಿಗೆ ದಾಟಿಸುವುದಿಲ್ಲ. ಇದನ್ನು ನಾನು ಓದಿದ್ದೆ, ನೂರಾರು ಪತ್ರಗಳಲ್ಲಿ ಬರೆದೂ ಇದ್ದೆ. ಕೈಗೆ ತಾಗಿದ್ದು ಅದೇ ಮೊದಲು. ನನಗೆ ಅಳು ಬಂತು. ಬೇರಿಂಗ್ ಮುಟ್ಟಿ ಅತ್ತವಳು ಎಂದು ಓರಗಿತ್ತಿ ಆಡಿಕೊಳ್ಳಲಿ, ಬಂದದ್ದು ಬಂತು.

"ಬಾಗುಂದಿ" ಎಂದೆ ನಾನು.

"ಚಾಲಾ ಬಾಗುಂದಿ" ಎಂದರು ಅಪ್ಪಲರಾಜು.

ರೈಲು

ಮಧ್ಯಾಹ್ನದ ರೈಲಿಗೆ ಮಂಜುಳಾ ಒಂದು ಡಬ್ಬಿ ಮಾಡುಗುಲ ಹಲ್ವಾ ಕಟ್ಟಿಕೊಟ್ಟಳು. ಆ ಕಡೆಯ ಹೆಸರುವಾಸಿ ಸಿಹಿ. ಕಂದು ಬಣ್ಣ, ತುಪ್ಪದ ಹೊಳಪು. ಹೆಬ್ಬೆರಳು ಒತ್ತಿ ನೋಡಿದೆ, ಹದಿನೈದು. ಒತ್ತಿದ ಗುರುತು ನಿಧಾನಕ್ಕೆ ಮಾಯವಾಯಿತು. ಇಂಥ ಮಾಲು ನಮ್ಮ ಮಿಕ್ಸಿಂಗ್ ವಿಭಾಗಕ್ಕೆ ಮಾಡಲು ಬರುವುದಿಲ್ಲ.

ಎದುರಿಗೆ ಕೂತ ದಂಪತಿ ಹೆಸರು ಕೇಳುವ ಮೊದಲು ಊಟವಾಯಿತೇ ಎಂದು ಕೇಳಿದರು. ನಮ್ಮಲ್ಲಿ ಆಯಿತು ಎಂದು ಸುಳ್ಳು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಏನು ತಿಂದಿರಿ ಎಂಬ ಎರಡನೆಯ ಪ್ರಶ್ನೆ ಬರುತ್ತದೆ, ನಾನು ಸಿಕ್ಕಿಬಿದ್ದೆ. ಗೋಂಗೂರ ಸೊಪ್ಪಿನ ಚಟ್ನಿ ಕಲಸಿದ ಅನ್ನ ನನ್ನ ಕೈಗೆ ಬಂತು. ಖಾರಕ್ಕೆ ಕಿವಿ ಬಿಸಿಯಾಯಿತು. ಆ ಹೆಂಗಸು ಕಕ್ಕುಲಾತಿಯಿಂದ ಹೇಗಿದೆ ಎಂದು ಕೇಳಿದಾಗ ಬಾಗುಂದಿ ಎಂದೆ. ಮತ್ತೆ ಒಂದು ತುತ್ತು ಬಂತು. ಈ ಶಬ್ದವನ್ನು ನೋಡಿಕೊಂಡು ಬಳಸಬೇಕು ಎಂದು ರಾಜಮಂಡ್ರಿಯ ಸೇತುವೆ ದಾಟುವ ಹೊತ್ತಿಗೆ ಕಲಿತೆ. ಎಲ್ಲರ ಹೆಸರಿಗೂ ಅವರು ಗೌರವಕ್ಕೆಂದು ಗಾರು ಸೇರಿಸುತ್ತಾರೆ. ನಾನು ಗಿರಿಜಾಗಾರು ಆದೆ. ಗಾರೆ ಕೆಲಸದವಳಾದ ಹಾಗೆ ಅನ್ನಿಸಿದರೂ ಇಳಿಯುವಾಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ವಿಜಯವಾಡ

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಕಟ್ಟಡದ ಉಸ್ತುವಾರಿ ಕೋಟೇಶ್ವರರಾವ್ ನನಗೆ ಪೆಸರಟ್ಟು ಎಂಬ ಹೆಸರುಕಾಳಿನ ದೋಸೆ, ಉಪ್ಪಿಟ್ಟು ತಿನ್ನಿಸಿಯೇ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಇಂಗ್ಲಿಷು ಚೆನ್ನಾಗಿ ಬಲ್ಲವರು, ಆದ್ದರಿಂದ ಗಂಡಾಂತರ ಇರಲಿಲ್ಲ. ಬಗ್ಗಿಕೊಂಡೇ ನಡೆಯಬೇಕಾದ ಜಾಗ. ಪ್ರತಿ ಕಂಬದ ಬುಡದಲ್ಲೂ ನಮ್ಮ ದಿಂಡು, ಮೈ ಮೇಲೆ ನಾನೇ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆ. ಒಂದೊಂದನ್ನೂ ತಟ್ಟಿ ನೋಡಿದೆ. ಹೇಗಿವೆ ಎಂದು ಅವರು ಕೇಳಿದಾಗ ನಾನು ತೆಲುಗಿನಲ್ಲೇ ಬಾಗುನ್ನಾಯಿ ಎಂದೆ. ಅವರು ಖುಷಿಯಾದರು, ನಾನೂ ಆದೆ. ಸಹಿಯ ಪೆನ್ನನ್ನು ಆಗಲೇ ಕೈಗೆ ತೆಗೆದುಕೊಂಡಿದ್ದೆ.

ಇಂಥ ಕಟ್ಟಡದ ಸುತ್ತ ಒಂದು ಸಂದು ಬಿಟ್ಟಿರುತ್ತಾರೆ, ಮೊಣಕಾಲು ಇಳಿಯುವಷ್ಟು ಅಗಲದ ಕಾಲುವೆಯಂತೆ. ಕಟ್ಟಡ ತೂಗುವಾಗ ಯಾವುದಕ್ಕೂ ತಾಗಬಾರದು ಎಂದು ಆ ಜಾಗ. ಜನ ದಾಟುವ ಕಡೆ ಅದರ ಮೇಲೆ ಒಂದು ಉಕ್ಕಿನ ಹಲಗೆ ಇಡುತ್ತಾರೆ. ಅದನ್ನು ಒಂದೇ ಪಕ್ಕಕ್ಕೆ ಹಿಡಿಸಿ ಇನ್ನೊಂದು ಪಕ್ಕ ಸಡಿಲ ಬಿಡುತ್ತಾರೆ, ಕಟ್ಟಡ ಸರಿದಾಗ ಅದೂ ಜಾರಬೇಕು. ನಾನು ಸುತ್ತಲೂ ನೋಡುತ್ತ ಮುಂಬಾಗಿಲಿಗೆ ಬಂದೆ. ಅಲ್ಲಿ ಹಲಗೆ ಇರಲಿಲ್ಲ. ಸಂದೂ ಇರಲಿಲ್ಲ. ಅಗಲವಾದ ಕೆಂಪು ಗ್ರಾನೈಟಿನ ಮೆಟ್ಟಿಲು ನೆಲದಿಂದ ಬಾಗಿಲವರೆಗೆ ಒಂದೇ ಕಲ್ಲಿನ ಹಾಗೆ ಬೆಸೆದುಕೊಂಡು ನಿಂತಿತ್ತು, ಕೆಳಗೆ ಸಂದಿನ ತುಂಬ ಕಾಂಕ್ರೀಟು.

ಕೋಟೇಶ್ವರರಾವ್ ಅದನ್ನೇ ಎಲ್ಲಕ್ಕಿಂತ ಹೆಮ್ಮೆಯಿಂದ ತೋರಿಸಿದರು. ನಡೆದದ್ದು ಇಷ್ಟು. ಆಸ್ಪತ್ರೆಯ ದೊಡ್ಡ ಡಾಕ್ಟರ ತಾಯಿ ಸೀತಾರಾವಮ್ಮನವರು ದಿನವೂ ಊರುಗೋಲು ಹಿಡಿದು ಕೆಲಸ ನೋಡಲು ಬರುತ್ತಾರೆ. ಕಾಲಿಟ್ಟಾಗಲೆಲ್ಲ ಹಲಗೆ ಟಕ್ ಟಕ್ ಎನ್ನುತ್ತಿತ್ತು. ಒಂದು ದಿನ ಊರುಗೋಲಿನ ತುದಿ ಅದರ ಅಂಚಿಗೆ ಸಿಕ್ಕಿ ಅವರು ಮುಗ್ಗರಿಸಿದರು. ಬೋಲ್ಟು ಹಾಕುವುದನ್ನು ಕೆಲಸದವರು ಮರೆತಿದ್ದಾರೆ ಎಂದು ತಿಳಿದ ರಾವ್‌ಗಾರು ಹಲಗೆ ಕಿತ್ತು, ಮತ್ತೆಂದೂ ಅಲುಗಾಡದ ಹಾಗೆ ಗಟ್ಟಿ ಮಾಡಿಸಿದರು. ಅಮ್ಮಗಾರು ಬೀಳಬಾರದು ಎಂಬ ಒಂದೇ ಉದ್ದೇಶ. ಆ ಮನುಷ್ಯನ ಕಣ್ಣಲ್ಲಿ ಅಷ್ಟು ಪ್ರೀತಿ ಇತ್ತು.

ನನಗೆ ಇಂಗ್ಲಿಷೂ ಹೊಳೆಯಲಿಲ್ಲ. ಲ್ಯಾಬಿನಲ್ಲಿ ಓರೆಯಾಗುತ್ತ ಹೋದ ದಿಂಡು ಕಣ್ಣ ಮುಂದೆ ಬಂತು. ಕೆಳಗಿರುವ ಎಲ್ಲ ದಿಂಡುಗಳೂ ಬಾಗಲು ತಯಾರಾಗಿ ಕೂತಿವೆ, ಈ ಒಂದು ಮೆಟ್ಟಿಲು ಕಟ್ಟಡವನ್ನು ನೆಲಕ್ಕೆ ಕಟ್ಟಿಹಾಕಿದೆ. ನೆಲ ನಡುಗಿದರೆ ನಡುಕವೆಲ್ಲ ಈ ಕಲ್ಲನ್ನು ಹಿಡಿದುಕೊಂಡು ಸೀದಾ ಒಳಗೆ, ಆಪರೇಷನ್ ಮೇಜಿನವರೆಗೆ ಹೋಗುತ್ತದೆ. ನಾನು ಕಲ್ಲನ್ನು ನೋಡುತ್ತ ನನ್ನಷ್ಟಕ್ಕೆ ಹೇಳಿಕೊಂಡೆ.

"ಬಾಗಲ್ಲ. ಇನ್ನು ಇದು ಬಾಗಲ್ಲ."

ಕೋಟೇಶ್ವರರಾವ್ ಮುಖ ಇಳಿಯಿತು. "ಬಾಗಾಲೇದಾ ಅಂಡಿ?" ಎಂದು ಕೇಳಿದರು. ಚೆನ್ನಾಗಿಲ್ಲವೇ ಎಂದು.

ನಾನು ಹೇಳಿದ್ದು ಒಂದು, ಅವರು ಕೇಳಿಸಿಕೊಂಡದ್ದು ಇನ್ನೊಂದು, ಆದರೆ ಈ ಸಲ ಇಬ್ಬರಿಗೂ ತಿಳಿದದ್ದು ಒಂದೇ. ಹೌದು ಎಂದು ತಲೆಯಾಡಿಸಿದೆ, ಪೆನ್ನನ್ನು ಚೀಲದೊಳಗೆ ಹಾಕಿದೆ.

ಆಮೇಲೆ ಅವರಿಗೆ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ಒಳ್ಳೆಯ ಇಂಜಿನಿಯರು, ಅರ್ಥವಾಯಿತು. ಅರ್ಥವಾದದ್ದರಿಂದಲೇ ಇನ್ನಷ್ಟು ಕಂಗಾಲಾದರು. ಮರುದಿನ ಬೆಳಿಗ್ಗೆ ಉದ್ಘಾಟನೆ. ಅತಿಥಿಗಳು ಹತ್ತಬೇಕಾದದ್ದು ಇದೇ ಮೆಟ್ಟಿಲು. ಡಾಕ್ಟರು ಹೈದರಾಬಾದಿನಲ್ಲಿ, ಬರುವುದು ಸಂಜೆಗೆ. ಮೆಟ್ಟಿಲು ಒಡೆಯಿರಿ ಎಂದು ಅಮ್ಮಗಾರಿಗೆ ಹೇಳುವವರು ಯಾರು? ಈಗ ಸಹಿ ಹಾಕಿ, ಉದ್ಘಾಟನೆ ಮುಗಿದ ಮೇಲೆ ಖಂಡಿತ ಒಡೆಸುತ್ತೇನೆ ಎಂದು ಕೈಮುಗಿದರು. ಮಾಲೀಕರೂ ಫೋನಿನಲ್ಲಿ ಅದನ್ನೇ ಹೇಳಿದರು. ನಮ್ಮ ಬೇರಿಂಗ್ ಸರಿಯಿದೆಯಲ್ಲ, ಮೆಟ್ಟಿಲು ನಮ್ಮದಲ್ಲ, ಸಹಿ ಹಾಕಿ ಹೊರಡು ಗಿರಿಜಾ. ಉದ್ಘಾಟನೆ ಆದ ಮೇಲೆ ಯಾರೂ ಯಾವ ಮೆಟ್ಟಿಲನ್ನೂ ಒಡೆಯುವುದಿಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನಿನ್ನೆ ಆ ಬೆಚ್ಚನೆಯ ಮೈ ಮುಟ್ಟದೆ ಇದ್ದಿದ್ದರೆ ಸಹಿ ಹಾಕುತ್ತಿದ್ದೆನೋ ಏನೋ, ಸುಳ್ಳು ಹೇಳಲಾರೆ.

ಅಮ್ಮಗಾರನ್ನೇ ನೋಡುತ್ತೇನೆ ಎಂದೆ.

ಹಲ್ವಾದ ಕಟ್ಟಡ

ಸೀತಾರಾವಮ್ಮನವರು ಹಳೆಯ ಕಟ್ಟಡದ ಕೋಣೆಯಲ್ಲಿ ಕೂತು ಆಹ್ವಾನ ಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಿದ್ದರು. ಎಂಬತ್ತರ ಹತ್ತಿರ, ಸಣ್ಣ ಆಳು, ಚೂಪು ನೋಟ. ಮಾತಿನಿಂದ ಆಗುವ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು. ಮಾತು ನನ್ನನ್ನು ಎಲ್ಲಿಗೆ ಒಯ್ದಿತ್ತು ಎಂದು ಓದುಗರೂ ಬಲ್ಲರು. ಮಾಡುಗುಲ ಹಲ್ವಾದ ಡಬ್ಬಿ ತೆರೆದು, ಸ್ಕೇಲು ಇಟ್ಟು ಸಮನಾಗಿ ನಾಲ್ಕು ತುಂಡು ಕತ್ತರಿಸಿ ಮೇಜಿನ ಮೇಲೆ ನಾಲ್ಕು ಮೂಲೆಗೆ ಇಟ್ಟೆ. ಅಮ್ಮಗಾರು ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದರು. ಕಟ್ಟಡಕ್ಕೆ ಮೂರೇ ಕಾಲು ಉಳಿಯಿತು. ಇನ್ನೊಂದು ತುಂಡು ಕತ್ತರಿಸಿ, ಇದು ತಿನ್ನಲಿಕ್ಕಲ್ಲ ಎಂದು ರಾವ್‌ಗಾರಿಂದ ಹೇಳಿಸಿದೆ. ಹಲ್ವಾ ತಿನ್ನಲಿಕ್ಕಲ್ಲ ಎನ್ನುವವರನ್ನು ಅವರು ಅದೇ ಮೊದಲು ಕಂಡಿರಬೇಕು.

ಹಲ್ವಾದ ಮೇಲೆ ಸ್ಟೀಲ್ ತಟ್ಟೆ ಇಟ್ಟೆ. ತಟ್ಟೆಯ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ. ಇದು ಆಸ್ಪತ್ರೆ ಎಂದೆ. ಆಮೇಲೆ ಮೇಜನ್ನು ಹಿಡಿದು ಅಲುಗಾಡಿಸಿದೆ. ಹಲ್ವಾ ಆ ಕಡೆ ಈ ಕಡೆ ಬಾಗಿತು, ತಟ್ಟೆ ತೇಲಿದ ಹಾಗೆ ತೂಗಿತು, ನೀರು ಅಂಚಿನಲ್ಲಿ ನಡುಗಿ ಅಲ್ಲೇ ನಿಂತಿತು. ಅಮ್ಮಗಾರು ಅರಿಶಿನದ ಬಟ್ಟಲು ಪಕ್ಕಕ್ಕೆ ಸರಿಸಿದರು.

ಈಗ ರಾವ್‌ಗಾರಿಗೆ ತಟ್ಟೆಯ ಅಂಚನ್ನು ಎರಡೂ ಕೈಯಿಂದ ಮೇಜಿಗೆ ಒತ್ತಿ ಹಿಡಿಯಲು ಹೇಳಿದೆ. ಇದು ಮೆಟ್ಟಿಲು ಎಂದೆ. ಮೇಜನ್ನು ಮೊದಲಿನಷ್ಟೇ ಅಲುಗಾಡಿಸಿದೆ. ಲೋಟ ಉರುಳಿತು. ನೀರೆಲ್ಲ ರಾವ್‌ಗಾರ ಇಸ್ತ್ರಿ ಅಂಗಿಯ ಮೇಲೂ ಒಂದು ಕಟ್ಟು ಆಹ್ವಾನ ಪತ್ರಿಕೆಯ ಮೇಲೂ ಹೋಯಿತು.

ಅಮ್ಮಗಾರು ಉರುಳಿದ ಲೋಟ ನೋಡಿದರು, ರಾವ್‌ಗಾರ ಒದ್ದೆ ಅಂಗಿ ನೋಡಿದರು, ಆಮೇಲೆ ಕುರ್ಚಿಗೆ ಒರಗಿಸಿದ್ದ ತಮ್ಮ ಊರುಗೋಲನ್ನು ನೋಡಿದರು.

"ನಾ ಕರ್ರ ಕೋಸಂ ಆಸುಪತ್ರಿನಿ ಕಟ್ಟೇಶಾರಾ?" ಎಂದರು. ನನ್ನ ಕೋಲಿಗಾಗಿ ಆಸ್ಪತ್ರೆಯನ್ನೇ ಕಟ್ಟಿಹಾಕಿದಿರಾ ಎಂದು. ಇದನ್ನು ಯಾರೂ ನನಗೆ ಅನುವಾದಿಸಬೇಕಾಗಲಿಲ್ಲ.

ರಾವ್‌ಗಾರು ತಲೆ ತಗ್ಗಿಸಿದರು. ಅಮ್ಮಗಾರು ಬೈಯಲಿಲ್ಲ. ಎರಡು ಬೆರಳಿನಿಂದ ಒಂದು ಹಲ್ವಾ ತುಂಡು ಎತ್ತಿ ಅವರ ಕೈಗೆ ಕೊಟ್ಟು, "ತೀಸೇಯಂಡಿ" ಎಂದರು, ತೆಗೆದುಬಿಡಿ ಎಂದು. ಅದು ಮೆಟ್ಟಿಲಿಗೆ ಹೇಳಿದ್ದು. ಹಲ್ವಾ ತಿನ್ನಲಿಕ್ಕೆ.

ಅರ್ಧ ಗಂಟೆಯೊಳಗೆ ಕಲ್ಲು ಒಡೆಯುವ ಯಂತ್ರ ಬಂತು. ಸಂಜೆ ಡಾಕ್ಟರು ಬಂದು ಮುಂಬಾಗಿಲಿನಲ್ಲಿ ಗುಂಡಿ ನೋಡಿ ಬಾಯಿ ತೆರೆಯುವ ಮೊದಲೇ ಅವರ ತಾಯಿ ಮಗನನ್ನು ಕೂರಿಸಿಕೊಂಡು, ಉಳಿದ ಹಲ್ವಾದಲ್ಲಿ ಇಡೀ ಪಾಠವನ್ನು ತಾವೇ ಮಾಡಿ ತೋರಿಸಿದರು. ಈ ಸಲ ನೀರು ಡಾಕ್ಟರ ಮೇಲೆ ಚೆಲ್ಲಿತಂತೆ.

ಗನ್ನವರಂ, ಮತ್ತು ಮನೆ

ಶುಕ್ರವಾರ ಬೆಳಿಗ್ಗೆ ಒಂದು ಉದ್ದನೆಯ ಕೋಲನ್ನು ಸಂದಿನಲ್ಲಿ ಇಳಿಬಿಟ್ಟು ಕಟ್ಟಡದ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿದೆ. ಎಲ್ಲೂ ಅಡ್ಡಿ ಸಿಗಲಿಲ್ಲ. ಆಮೇಲೆ ಸಹಿ ಹಾಕಿದೆ. ಗ್ರಾನೈಟು ಹೋದ ಜಾಗದಲ್ಲಿ ಹಳೆಯ ಉಕ್ಕಿನ ಹಲಗೆ ಮರಳಿ ಬಂದಿತ್ತು, ಅಂಚು ಮಾತ್ರ ಉಜ್ಜಿ ನುಣುಪು ಮಾಡಿ, ಮೇಲೆ ಮಾವಿನೆಲೆ ಇಟ್ಟಿದ್ದರು. ಅತಿಥಿಗಳು ಕಾಲಿಟ್ಟಾಗ ಟಕ್ ಎಂದಿತು. ಅವರು ಬೆಚ್ಚಿ ಕೆಳಗೆ ನೋಡಿದರು. ಸೀತಾರಾವಮ್ಮನವರು ಪಕ್ಕದಲ್ಲಿ ಊರುಗೋಲು ಊರಿ ನಿಂತು, ಅದು ಹಾಗೇ ಸದ್ದು ಮಾಡಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದರು.

ವಿಮಾನ ನಿಲ್ದಾಣ ಇರುವುದು ಗನ್ನವರಂನಲ್ಲಿ. ಅಲ್ಲಿಯವರೆಗೆ ಕೋಟೇಶ್ವರರಾವ್ ತಾವೇ ಬಿಡಲು ಬಂದರು. ಚೀಲದ ತುಂಬಾ ಆವಕಾಯ ಉಪ್ಪಿನಕಾಯಿ ತುಂಬಿದ್ದರು. ಭದ್ರತೆಯವರು ಅದನ್ನು ತೆಗೆಸಿ ನೋಡುವಾಗ ಒಬ್ಬ ಇದೇನು ಹೇಳಿ ಎಂಬಂತೆ "ಚೆಪ್ಪಂಡಿ" ಎಂದ. ನಾನು ಚಪ್ಪಲಿ ಬಿಡಲಿಲ್ಲ, ಉಪ್ಪಿನಕಾಯಿ ಎಂದು ತೆಲುಗಿನಲ್ಲಿ ಹೇಳಿದೆ. ಪರದೇಶದಿಂದ ನಾನು ತಂದ ಗಳಿಕೆ ಎಂದರೆ ಇಷ್ಟೇ ಎಂದು ಓರಗಿತ್ತಿಗೆ ಹೇಳಿದ್ದೇನೆ.

ಸೋಮವಾರ ಕಾರ್ಖಾನೆಗೆ ಹೋದೆ. ಶಿವಣ್ಣ ರಿಜಿಸ್ಟರು ತೆರೆದಿಟ್ಟುಕೊಂಡು, ಪಕ್ಕದಲ್ಲಿ ಅಳಿಸುವ ಬಿಳಿ ಬಣ್ಣದ ಸೀಸೆ ಇಟ್ಟುಕೊಂಡು ಕಾಯುತ್ತಿದ್ದ. ಮುಖ ಹುಳ್ಳಗಾಗಿತ್ತು.

"ತಪ್ಪಾಯ್ತಕ್ಕ. ಎಲ್ರೂ ನಗ್ತಾವ್ರೆ. ಅಳಿಸ್ಬುಡ್ಲಾ?"

ನಾನು ಅವನು ಬರೆದದ್ದನ್ನು ಮತ್ತೆ ಓದಿದೆ. ಬೇರಿಂಗ್ ಬಾಗಿದೆ. ಬಹಳ ಬಾಗಿದೆ. ಲ್ಯಾಬಿನಲ್ಲಿ ನಾನು ಕಣ್ಣಾರೆ ಕಂಡದ್ದೂ, ಅಪ್ಪಲರಾಜು ಬಾಯಾರೆ ಹೇಳಿದ್ದೂ ಆ ಒಂದೇ ಸಾಲಿನಲ್ಲಿ ಇದ್ದವು. ಇನ್ನೇನು ಬರೆಯಬೇಕಿತ್ತು ಅವನು?

ಸೀಸೆಯ ಮುಚ್ಚಳ ಹಾಕಿಸಿದೆ. ಪೆನ್ನು ತೆಗೆದು ಆ ಸಾಲಿನ ಕೆಳಗೆ ಸಹಿ ಹಾಕಿದೆ.